ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಶಿವಮೊಗ್ಗ, ಭದ್ರಾವತಿ

ಅರ್ಥಶಾಸ್ತ್ರ ಕಲಿಯಬೇಕೆಂದು ಹೊರಟವರಲ್ಲಿ ಬಹಳ ಮಂದಿ ಮೊದಲ ಅಧ್ಯಾಯಕ್ಕೇ ಕೈಚೆಲ್ಲುತ್ತಾರೆ. ಪುಸ್ತಕ ತೆರೆದರೆ ಸಾಲು ಸಾಲು ವ್ಯಾಖ್ಯೆಗಳು, ಮಗುಚಿದರೆ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳು. ಪಿಯುಸಿಯಲ್ಲಿ ಇದೇ ವಿಷಯ ತೆಗೆದುಕೊಂಡು ಒಳ್ಳೆಯ ಅಂಕ ಗಳಿಸಿದವರನ್ನು ಅಡಿಕೆ ಧಾರಣೆ ಯಾಕೆ ಬಿತ್ತು ಎಂದು ಕೇಳಿ ನೋಡಿ. "ಎಲ್ಲ ವರ್ತಕರ ಆಟ" ಎನ್ನುವ ಉತ್ತರವೇ ಹೆಚ್ಚು ಸಲ ಸಿಗುತ್ತದೆ. ಓದಿದ್ದಕ್ಕೂ ಬದುಕಿಗೂ ನಡುವೆ ಸೇತುವೆ ಕಟ್ಟದೆ ಪಾಠ ಮುಗಿಸಿದ್ದರ ಫಲ ಇದು.

ಶಿವಮೊಗ್ಗ ಸೀಮೆಯವರಿಗೆ ಆ ಸೇತುವೆ ಕಟ್ಟಿಕೊಳ್ಳುವುದು ಸುಲಭ. ಸಾಗರ ರಸ್ತೆಯ ಎಪಿಎಂಸಿ ಪ್ರಾಂಗಣದಲ್ಲಿ ದಿನವೂ ಬೆಲೆ ಹುಟ್ಟುತ್ತದೆ. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲಿ ನೂರು ವರ್ಷ ದಾಟಿದ ಕಬ್ಬಿಣದ ಕಾರ್ಖಾನೆಯೂ ನಿಂತುಹೋದ ಕಾಗದದ ಕಾರ್ಖಾನೆಯೂ ಇವೆ. ಬೆಲೆಯ ಪಾಠ ಒಂದು ಊರಿನಲ್ಲಿ, ವೆಚ್ಚದ ಪಾಠ ಇನ್ನೊಂದು ಊರಿನಲ್ಲಿ. ಹೊಸಬರು ಮೊದಲು ಈ ಎರಡನ್ನು ಅರಗಿಸಿಕೊಳ್ಳಬೇಕು. ಜಿಡಿಪಿ, ರೆಪೊ ದರ, ವಿತ್ತೀಯ ಕೊರತೆಗಳೆಲ್ಲ ಆಮೇಲೆ ಬರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೈಬಿಟ್ಟದ್ದೂ ಖರ್ಚೇ

ಮೊದಲು ಕಲಿಯಬೇಕಾದದ್ದು ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋದ ಇನ್ನೊಂದರ ಬೆಲೆಯೇ ಅದು. ಕೇಳಲು ಸರಳ, ಆದರೆ ಲೆಕ್ಕ ಹಾಕಿ ನೋಡುವವರೆಗೆ ಮೈಗೂಡುವುದಿಲ್ಲ. ಹಾಗಾಗಿ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೆ.

ಒಬ್ಬ ಬೆಳೆಗಾರರ ಮನೆಯಲ್ಲಿ 5 ಕ್ವಿಂಟಲ್ ರಾಶಿ ಇಡಿ ದರ್ಜೆಯ ಅಡಿಕೆ ಇದೆ. ಇವತ್ತಿನ ಧಾರಣೆ ಕ್ವಿಂಟಲಿಗೆ 45,000 ರೂಪಾಯಿ ಎನ್ನೋಣ. ಮಾರಿದರೆ 2,25,000 ಬರುತ್ತದೆ. "ಆರು ತಿಂಗಳು ಇಟ್ಟರೆ ಏರುತ್ತದೆ" ಎಂದು ಅವರು ಚೀಲಗಳನ್ನು ಅಟ್ಟಕ್ಕೆ ಏರಿಸಿದರು. ಅವರ ಹೆಸರಿನಲ್ಲಿ ವರ್ಷಕ್ಕೆ ಶೇ 12ರ ಸಾಲ ಅಷ್ಟೇ ಮೊತ್ತದ್ದು ಇದೆ. ಅಡಿಕೆ ಮಾರಿ ತೀರಿಸಬಹುದಾಗಿದ್ದ ಆ ಸಾಲಕ್ಕೆ ಆರು ತಿಂಗಳ ಬಡ್ಡಿ 13,500. ಈ ನಡುವೆ ಅಡಿಕೆ ಇನ್ನಷ್ಟು ಒಣಗಿ ತೂಕ ಶೇ 2ರಷ್ಟು ಇಳಿದರೆ ಉಳಿಯುವುದು 4.9 ಕ್ವಿಂಟಲ್. ಈಗ ಮೊತ್ತ, ಬಡ್ಡಿ ಎರಡೂ ಸೇರಿದ 2,38,500 ರೂಪಾಯಿಯನ್ನು 4.9ರಿಂದ ಭಾಗಿಸಿ. ಕ್ವಿಂಟಲಿಗೆ ಸುಮಾರು 48,700 ಸಿಕ್ಕರೆ ಮಾತ್ರ ಅವರು ಇವತ್ತು ನಿಂತ ಜಾಗದಲ್ಲೇ ನಿಂತಂತೆ. ಆರು ತಿಂಗಳ ಬಳಿಕ 47,500ಕ್ಕೆ ಮಾರಿ "ಎರಡೂವರೆ ಸಾವಿರ ಹೆಚ್ಚು ಸಿಕ್ಕಿತು" ಎಂದು ಸಂತೋಷಪಟ್ಟರೆ, ಆ ಸಂತೋಷದ ಕೆಳಗೆ ನಷ್ಟ ಇದೆ. ಸಾಲವೇ ಇಲ್ಲದವರಿಗೂ ಲೆಕ್ಕ ಬದಲಾಗುವುದಿಲ್ಲ. ಬಡ್ಡಿ ಕಟ್ಟುವ ಜಾಗದಲ್ಲಿ, ಆ ಹಣ ಬ್ಯಾಂಕಿನ ಠೇವಣಿಯಲ್ಲಿ ತರಬಹುದಾಗಿದ್ದ ಬಡ್ಡಿಯನ್ನು ಹಾಕಿಕೊಳ್ಳಬೇಕು, ಅಷ್ಟೆ.

ಅಡಿಕೆ ಇಡಬಾರದು ಎಂದು ಇದರ ಅರ್ಥವಲ್ಲ. ಮಲೆನಾಡಿನ ಅನೇಕ ಮನೆಗಳಿಗೆ ಒಣ ಅಡಿಕೆಯೇ ಉಳಿತಾಯ ಖಾತೆ. ಮಗಳ ಮದುವೆ, ಮಗನ ಕಾಲೇಜು ಫೀಜು, ಆಸ್ಪತ್ರೆಯ ಖರ್ಚು ಎಲ್ಲವೂ ಆ ಚೀಲಗಳಿಂದಲೇ ಹೊರಟಿವೆ. ಇಡುವುದಕ್ಕೂ ಒಂದು ವೆಚ್ಚ ಇದೆ ಎಂದು ತಿಳಿದು ಇಟ್ಟರೆ ನಿರ್ಧಾರ ನಮ್ಮ ಕೈಯಲ್ಲಿರುತ್ತದೆ.

ಇದೇ ಪ್ರಶ್ನೆಯನ್ನು ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೂ ಕೇಳಿ. ಭದ್ರಾವತಿ, ಚನ್ನಗಿರಿ ಕಡೆ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಸಸಿ, ಗೊಬ್ಬರ, ಹನಿ ನೀರಾವರಿ ಪೈಪು, ಕೂಲಿ ಇಷ್ಟನ್ನೇ ಖರ್ಚಿನ ಕಲಮಿಗೆ ಬರೆದರೆ ಲೆಕ್ಕ ಅರ್ಧವಾಯಿತು. ಗಿಡ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಷ್ಟೂ ವರ್ಷ ಆ ಗದ್ದೆ ಕೊಡಬಹುದಾಗಿದ್ದ ಭತ್ತವೂ ಖರ್ಚಿಗೇ ಸೇರಬೇಕು.

ಧಾರಣೆ ಏನು ಹೇಳುತ್ತದೆ

ಮಂಡಿಯಲ್ಲಿ ಅಡಿಕೆಯ ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ. ಖರೀದಿದಾರರು ರಾಶಿಯೊಳಗೆ ಕೈ ಹಾಕಿ ಹಿಡಿ ತುಂಬ ತೆಗೆದು, ಬಣ್ಣ ನೋಡಿ, ಒಡೆದು ಒಳಗಿನ ಹದ ನೋಡಿ ಟೆಂಡರಿಗೆ ದರ ಹಾಕುತ್ತಾರೆ. ಅಡಿಕೆಯ ದರ್ಜೆಗಳಲ್ಲಿ ಸರಕಿಗೆ ಎಲ್ಲಕ್ಕಿಂತ ಹೆಚ್ಚಿನ ದರ, ಬೆಟ್ಟೆಗೆ ಅದಕ್ಕಿಂತ ಕಡಿಮೆ, ರಾಶಿ ಇಡಿಗೆ ಸಾಮಾನ್ಯವಾಗಿ ಇನ್ನೂ ಕಡಿಮೆ, ಗೊರಬಲು ಕೊನೆಗೆ. ಹೊಸಬರು ಒಂದು ಬೆಳಿಗ್ಗೆಯಾದರೂ ಅಲ್ಲಿ ನಿಂತು ನೋಡಬೇಕು. ಆ ದರದೊಳಗೆ ಎಷ್ಟೋ ದೂರದ ಸುದ್ದಿಗಳು ಅಡಗಿರುತ್ತವೆ. ನಮ್ಮ ಕೆಂಪಡಿಕೆಯ ದೊಡ್ಡ ಪಾಲು ಉತ್ತರ ಭಾರತದ ಪಾನ್ ಮಸಾಲಾ ಉದ್ಯಮಕ್ಕೆ ಹೋಗುವುದರಿಂದ, ಅಲ್ಲಿಯ ಒಂದು ರಾಜ್ಯದ ನಿಷೇಧವೋ ತೆರಿಗೆ ತಪಾಸಣೆಯೋ ಇಲ್ಲಿಯ ದರವನ್ನು ಅಲುಗಾಡಿಸುತ್ತದೆ. ತೀರ್ಥಹಳ್ಳಿ, ಹೊಸನಗರದ ತೋಟಗಳಿಗೆ ಎಲೆಚುಕ್ಕೆ ರೋಗ ಬಿದ್ದ ಸುದ್ದಿಯೂ ಅದರೊಳಗೆ ಸೇರುತ್ತದೆ. ಯಾರೂ ಒಂದೆಡೆ ಕುಳಿತು ಬರೆದಿಡದ ಇಷ್ಟೆಲ್ಲ ಮಾಹಿತಿಯನ್ನು ಒಂದು ಅಂಕಿ ಹೊತ್ತು ತರುತ್ತದೆ ಎನ್ನುವುದೇ ಬೆಲೆಯ ಬಗ್ಗೆ ಅರ್ಥಶಾಸ್ತ್ರ ಹೇಳುವ ಮುಖ್ಯ ಮಾತು.

ಹಾಗಾದರೆ ವರ್ತಕರ ಆಟ ಇಲ್ಲವೇ? ಇರಬಹುದು. ಕೊಳ್ಳುವವರು ಕೆಲವೇ ಮಂದಿ, ಮಾರುವವರು ಸಾವಿರಾರು ಮಂದಿ ಆದಾಗ ತಕ್ಕಡಿ ಒಂದು ಕಡೆ ವಾಲುತ್ತದೆ. ಮುಂಗಡ ಸಾಲ ಕೊಟ್ಟವರಿಗೇ ಬೆಳೆ ಮಾರಬೇಕಾದಾಗ ಇನ್ನೂ ವಾಲುತ್ತದೆ. 1939ರಲ್ಲಿ ಶಿವಮೊಗ್ಗದಲ್ಲಿ ಶುರುವಾದ ಮ್ಯಾಮ್‌ಕೋಸ್, ಅಂದರೆ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಈ ಸಮಸ್ಯೆಗೆ ಬೆಳೆಗಾರರು ತಾವೇ ಕಂಡುಕೊಂಡ ಉತ್ತರ. ಸಂಘದಲ್ಲಿ ದಾಸ್ತಾನಿಟ್ಟು ಮುಂಗಡ ಪಡೆದು, ಧಾರಣೆ ನೋಡಿ ಮಾರುವ ಅನುಕೂಲವಿದ್ದರೆ ಚೌಕಾಸಿಯ ಶಕ್ತಿ ಬದಲಾಗುತ್ತದೆ. ಮಾರುಕಟ್ಟೆಯಲ್ಲಿ ಎಷ್ಟು ಜನರ ನಡುವೆ ಪೈಪೋಟಿ ಇದೆ, ಯಾರಿಗೆ ಯಾವ ಮಾಹಿತಿ ಗೊತ್ತಿದೆ, ಯಾರು ಕಾಯಬಲ್ಲರು ಎಂಬ ಮೂರು ಪ್ರಶ್ನೆ ಕೇಳಿ ನೋಡಿ. "ಆಟ" ಎನ್ನುವ ಮಾತಿನ ಜಾಗದಲ್ಲಿ ನಿಜವಾದ ವಿವರಣೆ ಸಿಗುತ್ತದೆ.

ಪೂರೈಕೆ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅಡಿಕೆಗಿಂತ ಶುಂಠಿ ಒಳ್ಳೆಯದು. ಶಿಕಾರಿಪುರ, ಸೊರಬ, ಸಾಗರದ ಕಡೆ ಅದರ ಬೆಲೆಯನ್ನು 60 ಕೆ.ಜಿ. ಮೂಟೆಯ ಲೆಕ್ಕದಲ್ಲಿ ಹೇಳುತ್ತಾರೆ. 2023ರಲ್ಲಿ ಬೆಲೆ ಗಗನಕ್ಕೇರಿತು. ನೋಡಿದವರೆಲ್ಲ ಗೇಣಿಗೆ ಜಮೀನು ಹಿಡಿದು ಶುಂಠಿ ಹಾಕಿದರು, ಆಮೇಲೆ ಬೆಲೆ ಇಳಿಯಿತು. ಪ್ರತಿಯೊಬ್ಬರೂ ನಾಟಿ ಮಾಡುವ ದಿನದ ಬೆಲೆ ನೋಡಿ ನಿರ್ಧಾರ ಮಾಡಿದ್ದರು, ಮಾರಬೇಕಾದದ್ದು ಕೀಳುವ ದಿನದ ಬೆಲೆಗೆ. ಬೆಲೆ ಬಿದ್ದಾಗ ಕೆಲವರು ಕೀಳದೆ ನೆಲದಲ್ಲೇ ಬಿಟ್ಟು ಮುಂದಿನ ವರ್ಷ ಹಳೇ ಶುಂಠಿ ಎಂದು ಮಾರುತ್ತಾರೆ. ಕೊಳೆರೋಗದ ಅಪಾಯ ಅವರ ತಲೆಯ ಮೇಲೆ. ಟೊಮೆಟೊ ಬೆಳೆದವರಿಗೆ ಆ ದಾರಿಯೂ ಇಲ್ಲ. ಸರಕು ಎಷ್ಟು ದಿನ ಕೆಡದೆ ಉಳಿಯುತ್ತದೆ ಎನ್ನುವುದರ ಮೇಲೆ ಬೆಲೆ ಎಷ್ಟು ಹುಚ್ಚೆದ್ದು ಕುಣಿಯುತ್ತದೆ ಎನ್ನುವುದು ಬಹಳ ಮಟ್ಟಿಗೆ ನಿಂತಿದೆ.

ಸರ್ಕಾರ ಬೆಲೆಯೊಳಗೆ ಕೈ ಹಾಕಿದಾಗ ಏನಾಗುತ್ತದೆ? 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಮಲೆನಾಡಿನ ಬೆಳೆಗಾರರಿಗೆ ಇದು ಆಸರೆ, ಸಂದೇಹವಿಲ್ಲ. ಕಲಿಯುವವರು ಅಲ್ಲಿಗೇ ನಿಲ್ಲಬಾರದು. ಕೊಳ್ಳುವ ಉದ್ಯಮಕ್ಕೆ ಖರ್ಚು ಹೆಚ್ಚಾಯಿತು, ಗಡಿಯಾಚೆ ಅಗ್ಗ, ಗಡಿಯೊಳಗೆ ದುಬಾರಿ ಎಂಬ ಅಂತರ ಹಿಗ್ಗಿದಷ್ಟೂ ಕಳ್ಳಸಾಗಣೆಯ ಲಾಭವೂ ಹಿಗ್ಗಿತು. ಯಾವ ನೀತಿಯನ್ನು ಓದಿದರೂ ಲಾಭ ಯಾರಿಗೆ, ಖರ್ಚು ಯಾರ ತಲೆಗೆ, ಜನರ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಕೇಳಿ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ. ಟಿಕೆಟ್ಟಿನ ಹಣವನ್ನು ಖಜಾನೆ ಕೊಡುತ್ತದೆ. ದರ ಸೊನ್ನೆಯಾದಾಗ ಬೇಡಿಕೆ ಏರಿ ಬಸ್ಸು ತುಂಬುತ್ತದೆ. ಅದೇ ಬಸ್ಸಿನಲ್ಲಿ ಹಳ್ಳಿಯ ಹೆಣ್ಣುಮಗಳು ಪೇಟೆಯ ಕೆಲಸಕ್ಕೆ ಹೋಗಿಬರುವುದು ಸಾಧ್ಯವಾಗುತ್ತದೆ. ನನ್ನ ಮಟ್ಟಿಗೆ ಕೊನೆಯದಕ್ಕೆ ತೂಕ ಹೆಚ್ಚು. ಆದರೆ ಮೂರನ್ನೂ ಹಾಳೆಯ ಮೇಲೆ ಬರೆದ ನಂತರವೇ ತೂಗಬೇಕು.

ಬೆಂಕಿಪುರದ ಲೆಕ್ಕ

ಬೆಂಕಿಪುರ ಎನ್ನುವುದು ಭದ್ರಾವತಿಯ ಹಳೆಯ ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಇಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡಿತು, 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಉರಿಯಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿ, ನೀರು ಭದ್ರೆಯಲ್ಲಿ. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲೇ ಉರುವಲು. ಒಂದು ಕಾರ್ಖಾನೆ ಇಂಥ ಊರಿನಲ್ಲೇ ಯಾಕೆ ಹುಟ್ಟುತ್ತದೆ ಎನ್ನುವ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗುವುದು ಕಷ್ಟ. ಭಾರದ ಕಚ್ಚಾವಸ್ತು ಎಲ್ಲಿದೆಯೋ ಅಲ್ಲಿಗೆ ಕುಲುಮೆ ಹೋಗುತ್ತದೆ, ಸಾಗಣೆಯ ಖರ್ಚು ಉಳಿಯುತ್ತದೆ.

ಯೋಜನೆ ಹಾಕಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಕಬ್ಬಿಣಕ್ಕೆ ಯುದ್ಧಕಾಲದ ಬೆಲೆ. ಉತ್ಪಾದನೆ ಶುರುವಾಗುವ ಹೊತ್ತಿಗೆ ಯುದ್ಧ ಮುಗಿದು ಬೆಲೆ ಇಳಿದಿತ್ತು. ಶುಂಠಿ ಹಾಕಿದವರಿಗೆ ಆದದ್ದೇ ಒಂದು ಸಂಸ್ಥಾನಕ್ಕೂ ಆಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮತ್ತೆ ಕರೆತಂದದ್ದು, ನಷ್ಟದಲ್ಲಿದ್ದ ಕಾರ್ಖಾನೆಯ ಖರ್ಚು ತಗ್ಗಿಸಿ ದಾರಿಗೆ ತರುವುದಕ್ಕೆ.

ಇಲ್ಲಿ ಕಲಿಯಬೇಕಾದದ್ದು ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚದ ನಡುವಿನ ಭೇದ. ಒಂದು ಉಕ್ಕಿನ ಕಾರ್ಖಾನೆಗೆ ತಿಂಗಳಿಗೆ 10 ಕೋಟಿ ರೂಪಾಯಿ ಸ್ಥಿರ ವೆಚ್ಚ ಎಂದು ಊಹಿಸಿ. ಉಕ್ಕು ತಯಾರಾಗಲಿ ಬಿಡಲಿ ಅಷ್ಟು ಖರ್ಚಾಗುತ್ತದೆ. ತಿಂಗಳಿಗೆ 10,000 ಟನ್ ತೆಗೆದರೆ ಟನ್ನಿಗೆ 10,000 ರೂಪಾಯಿಯ ಹೊರೆ. 2,500 ಟನ್ ಮಾತ್ರ ತೆಗೆದರೆ ಅದೇ ಹೊರೆ ಟನ್ನಿಗೆ 40,000. ಆರ್ಡರ್ ಕಡಿಮೆಯಾದ ಕಾರ್ಖಾನೆ ದುಬಾರಿಯಾಗುತ್ತದೆ, ದುಬಾರಿಯಾದದ್ದಕ್ಕೆ ಆರ್ಡರ್ ಇನ್ನೂ ಕಡಿಮೆಯಾಗುತ್ತದೆ. ದೊಡ್ಡ ದೊಡ್ಡ ಉಕ್ಕಿನ ಸ್ಥಾವರಗಳು ಬಂದ ಮೇಲೆ ಸಣ್ಣ ಗಾತ್ರದ, ಸ್ವಂತ ಗಣಿಯಿಲ್ಲದ ಕಾರ್ಖಾನೆ ಪೈಪೋಟಿಯಲ್ಲಿ ಯಾಕೆ ಹಿಂದೆ ಬೀಳುತ್ತದೆ ಎಂಬುದಕ್ಕೆ ಕೆಲಸಗಾರರ ಸೋಮಾರಿತನ ಕಾರಣ ಎನ್ನುವವರು ಈ ಭಾಗಾಕಾರವನ್ನೊಮ್ಮೆ ಮಾಡಿ ನೋಡಬೇಕು.

ಭದ್ರಾವತಿಯ ಈ ಕಾರ್ಖಾನೆ, ವಿಐಎಸ್ಎಲ್, 1989ರಲ್ಲಿ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2016ರಲ್ಲಿ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಕೊಳ್ಳಲು ಆಸಕ್ತರು ಮುಂದುವರಿಯಲಿಲ್ಲವೆಂದು 2022ರಲ್ಲಿ ಆ ಪ್ರಕ್ರಿಯೆ ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು.

ಮುಳುಗಿದ ವೆಚ್ಚ ಎಂಬ ತತ್ವವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣ ಮುಂದಿನ ನಿರ್ಧಾರದಲ್ಲಿ ಲೆಕ್ಕಕ್ಕೆ ಬರಬಾರದು ಎನ್ನುತ್ತದೆ ಅದು. ನೂರು ವರ್ಷದ ಇತಿಹಾಸವಿದೆ ಎಂಬ ಒಂದೇ ಕಾರಣಕ್ಕೆ ಕಾರ್ಖಾನೆ ನಡೆಸಬೇಕಿಲ್ಲ, ಸರಿ. ಆದರೆ ಇಷ್ಟು ವರ್ಷ ನಷ್ಟವಾಯಿತು ಎಂಬ ಒಂದೇ ಕಾರಣಕ್ಕೆ ಮುಚ್ಚಲೂಬೇಕಿಲ್ಲ. ಆ ನಷ್ಟವೂ ಮುಳುಗಿದ್ದೇ. ಇವತ್ತಿನಿಂದ ಮುಂದಕ್ಕೆ ಎಷ್ಟು ಹಾಕಿದರೆ ಎಷ್ಟು ಬರುತ್ತದೆ ಎನ್ನುವುದೊಂದೇ ಪ್ರಶ್ನೆ. ಬರುವುದನ್ನು ಯಾರ ಖಾತೆಯಲ್ಲಿ ಅಳೆಯುತ್ತೇವೆ ಎನ್ನುವುದೂ ಮುಖ್ಯ. ಕಂಪನಿಯ ಖಾತೆಯಲ್ಲಿ ಒಬ್ಬ ಕೆಲಸಗಾರನ ಸಂಬಳ ಪೂರ್ತಿ ವೆಚ್ಚ. ಆದರೆ ಆತ ಇಲ್ಲಿ ಕೆಲಸ ಬಿಟ್ಟರೆ ಊರಿನಲ್ಲಿ ಬೇರೆ ಕೆಲಸವೇ ಇಲ್ಲ ಎಂದಾದರೆ, ಆತನನ್ನು ಕುಲುಮೆಯ ಬಳಿ ನಿಲ್ಲಿಸಿಕೊಂಡದ್ದರಿಂದ ಸಮಾಜ ಕೈಬಿಟ್ಟದ್ದು ಏನೂ ಇಲ್ಲ, ಅಥವಾ ತೀರ ಕಡಿಮೆ. ಅಡಿಕೆ ಚೀಲದ ಹತ್ತಿರ ಕಲಿತ ಅವಕಾಶ ವೆಚ್ಚವೇ ಇದು. ಒಂದೇ ಕಾರ್ಖಾನೆಗೆ ಕಂಪನಿಯ ಉತ್ತರ ಬೇರೆ, ಊರಿನ ಉತ್ತರ ಬೇರೆ ಬರಬಹುದು. ಎರಡೂ ಲೆಕ್ಕ ಸರಿಯಿರಬಹುದು. ಕಾರ್ಖಾನೆಯವರ ಬಡಾವಣೆಯಾದ ನ್ಯೂಟೌನಿನ ಹೋಟೆಲು, ದರ್ಜಿ, ಆಟೊ, ಬಾಡಿಗೆ ಮನೆ ಎಲ್ಲಕ್ಕೂ ಆ ಸಂಬಳವೇ ಹರಿದು ಹೋಗುತ್ತಿತ್ತು. ಪಠ್ಯದಲ್ಲಿ ಗುಣಕ ಎಂದು ಬರುವ ಅಧ್ಯಾಯವನ್ನು ಭದ್ರಾವತಿಯ ಅಂಗಡಿಯವರು ಓದದೆಯೇ ಬಲ್ಲರು.

ಪೇಪರ್ ಟೌನಿನ ಪಾಠ ಇನ್ನೊಂದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಎಂಪಿಎಂ, 2015ರ ಹೊತ್ತಿಗೆ ನಿಂತಿತು. ಆಮದು ಮುಕ್ತವಾದ ಮೇಲೆ ಹೊರದೇಶದ ಅಗ್ಗದ ಪತ್ರಿಕಾ ಕಾಗದದ ಎದುರು ಅದು ಸೆಣಸಬೇಕಾಯಿತು. ಅದರ ಕಾಗದದ ಬೆಲೆಯಲ್ಲಿ ಎಂದೂ ಸೇರದ ಖರ್ಚುಗಳೂ ಇದ್ದವು. ನದಿಗೆ ಸೇರಿದ ತ್ಯಾಜ್ಯ, ತಿರುಳಿನ ಮರಕ್ಕಾಗಿ ಮಲೆನಾಡಿನ ಅರಣ್ಯ ಭೂಮಿಯಲ್ಲಿ ಬೆಳೆಸಿದ ಅಕೇಶಿಯಾ, ನೀಲಗಿರಿ ನೆಡುತೋಪು. ಕೆಳಗಿನ ಊರುಗಳ ನೀರು, ಸುತ್ತಲಿನವರ ಸೊಪ್ಪಿನಬೆಟ್ಟ, ದನದ ಮೇವು ಇವುಗಳಿಗಾದ ನಷ್ಟ ಯಾವ ಬಿಲ್ಲಿನಲ್ಲೂ ನಮೂದಾಗಲಿಲ್ಲ. ಇಂಥ ಮೂರನೆಯವರ ಮೇಲೆ ಬೀಳುವ ಖರ್ಚಿಗೆ ಬಾಹ್ಯತೆ ಎನ್ನುತ್ತಾರೆ. ಮಾರುಕಟ್ಟೆ ಎಲ್ಲವನ್ನೂ ತಾನೇ ಸರಿಪಡಿಸುತ್ತದೆ ಎನ್ನುವವರ ಮಾತು ಸೋಲುವುದು ಇಲ್ಲಿ. ಭದ್ರಾವತಿಯ ಕಬ್ಬಿಣ, ಕಾಗದ ಎರಡೂ ಸರ್ಕಾರದ್ದೇ ಕಾರ್ಖಾನೆಗಳಾಗಿದ್ದವು ಎಂಬುದನ್ನು ನೆನೆದರೆ, ಸರ್ಕಾರ ಎಲ್ಲವನ್ನೂ ಸರಿಪಡಿಸುತ್ತದೆ ಎನ್ನುವವರ ಮಾತೂ ಇಲ್ಲೇ ಸೋಲುತ್ತದೆ.

ಸಾವಿರ ರೂಪಾಯಿ ಸಾವಿರವಾಗಿ ಉಳಿಯುವುದಿಲ್ಲ

ಹಣದುಬ್ಬರವನ್ನು ಕಲಿಯಲು ನೌಕರರ ಪಿಂಚಣಿ ಯೋಜನೆಯ, ಅಂದರೆ ಇಪಿಎಸ್-95ರ, ಪಿಂಚಣಿದಾರರ ಬ್ಯಾಂಕ್ ಪಾಸ್‌ಪುಸ್ತಕ ಸಾಕು. ಈ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರಿನಲ್ಲಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತವೆ ಎಂದುಕೊಂಡರೆ ಹತ್ತು ವರ್ಷದ ಕೊನೆಗೆ ಆ ಸಾವಿರಕ್ಕೆ ಮೊದಲಿನ ಸುಮಾರು 614 ರೂಪಾಯಿಯ ಸಾಮಾನಷ್ಟೇ ಬರುತ್ತದೆ. ಬರೆದ ಅಂಕಿ ಕದಲಲಿಲ್ಲ, ಕೊಳ್ಳುವ ಶಕ್ತಿ ಕರಗಿತು. ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರಿಗೆ ಇದು ಪುಸ್ತಕದ ಮಾತಲ್ಲ. ಬೆಲೆಗಳು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತವೆ ಎಂದು ತಿಳಿಯಲು 70ನ್ನು ಹಣದುಬ್ಬರದ ದರದಿಂದ ಭಾಗಿಸಿ: ಶೇ 5ಕ್ಕೆ 14 ವರ್ಷ. ರಿಸರ್ವ್ ಬ್ಯಾಂಕ್ ಇಟ್ಟುಕೊಂಡ ಗುರಿ ಶೇ 4, ಅತ್ತಿತ್ತ ಶೇ 2ರ ಅವಕಾಶ. ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯಾದ ರೆಪೊ ದರದ ಸುದ್ದಿ ಬಂದಾಗಲೆಲ್ಲ ಈ ಗುರಿಯನ್ನು ನೆನಪಿಟ್ಟುಕೊಂಡು ಓದಿದರೆ ಸುದ್ದಿ ಅರ್ಥವಾಗುತ್ತದೆ.

ದೇಶದ ಒಟ್ಟು ಉತ್ಪನ್ನದ ಅಳತೆಯಾದ ಜಿಡಿಪಿಯ ಬಗ್ಗೆ ಶುರುವಿನಲ್ಲಿ ಇಷ್ಟು ಸಾಕು. ಕ್ಯಾಂಟೀನಿನಲ್ಲಿ ಸಂಬಳಕ್ಕೆ ಅಡುಗೆ ಮಾಡುವ ಹೆಂಗಸಿನ ದುಡಿಮೆ ಅದರಲ್ಲಿ ಸೇರುತ್ತದೆ. ಸಂಜೆ ಆಕೆ ತನ್ನ ಮನೆಯವರಿಗೆ ಮಾಡುವ ಅದೇ ಅಡುಗೆ ಸೇರುವುದಿಲ್ಲ. ಅಳತೆಯ ಮಿತಿ ತಿಳಿದುಕೊಂಡೇ ಅಳತೆಯನ್ನು ಬಳಸಬೇಕು.

ಓದುವ ಕ್ರಮ

ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರ ಪಠ್ಯ ಕನ್ನಡದಲ್ಲೇ ಇದೆ. ಮೊದಲ ಪುಟದಿಂದ ಕ್ರಮವಾಗಿ ಓದಬೇಡಿ. ಬೇಡಿಕೆ, ಪೂರೈಕೆ, ವೆಚ್ಚ ಈ ಅಧ್ಯಾಯಗಳನ್ನು ಮೊದಲು ಓದಿ, ಔದಾಸೀನ್ಯ ರೇಖೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ಸಮಗ್ರ ಅರ್ಥಶಾಸ್ತ್ರದ ಭಾಗಕ್ಕೆ ಎರಡು ಮೂರು ತಿಂಗಳು ಬಿಟ್ಟು ಬನ್ನಿ.

ಓದಿನ ಜೊತೆಗೆ ಒಂದು ನೋಟ್‌ಬುಕ್ ಇಡಿ. ಅಡಿಕೆ, ಶುಂಠಿ, ಈರುಳ್ಳಿ, ಸೋನಾ ಮಸೂರಿ ಅಕ್ಕಿ ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಕರ್ನಾಟಕದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿಗಳ ದಿನದ ಧಾರಣೆ ಸಿಗುತ್ತದೆ, ಪತ್ರಿಕೆಯ ವಾಣಿಜ್ಯ ಪುಟದಲ್ಲೂ ಸಿಗುತ್ತದೆ. ವಾರಕ್ಕೊಮ್ಮೆ ದರ ಬರೆದು, ಮುಂದಿನ ವಾರ ಏರುತ್ತದೋ ಇಳಿಯುತ್ತದೋ, ಯಾಕೆ ಎಂದು ಒಂದು ಸಾಲು ಬರೆಯಿರಿ. ಕಾರಣವನ್ನು ಮೊದಲೇ ಬರೆಯುವುದು ಮುಖ್ಯ. ಬೆಲೆ ಬಿದ್ದ ಮೇಲೆ ಎಲ್ಲರಿಗೂ ಕಾರಣ ಹೊಳೆಯುತ್ತದೆ. ಆವಕ ಎಷ್ಟು ಎಂಬ ಕಲಮನ್ನು ಬಿಡಬೇಡಿ. ಆವಕ ಹೆಚ್ಚಿದ್ದೂ ಧಾರಣೆ ಏರಿದ ವಾರ ಸಿಕ್ಕರೆ, ಬೇಡಿಕೆಯ ಕಡೆ ಏನೋ ನಡೆದಿದೆ ಎಂದು ಹುಡುಕಲು ಹೊರಡಿ.

ಅನುಮಾನ ಬಂದರೆ ಕೇಳಲು ಜನ ಇದ್ದಾರೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವಿಭಾಗವಿದೆ, ನಗರದ ಕಾಲೇಜುಗಳಲ್ಲಿ ಅಧ್ಯಾಪಕರಿದ್ದಾರೆ. ಮಂಡಿಯ ಗುಮಾಸ್ತರೂ ಸಹಕಾರ ಸಂಘದ ಕಾರ್ಯದರ್ಶಿಗಳೂ ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ; ಟೆಂಡರ್ ಮುಗಿದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ. ಆರು ತಿಂಗಳು ಹೀಗೆ ನಡೆದ ಬಳಿಕ, ಬಜೆಟ್ ಹೊತ್ತಿಗೆ ರಾಜ್ಯ ಸರ್ಕಾರ ಹೊರತರುವ ಕರ್ನಾಟಕ ಆರ್ಥಿಕ ಸಮೀಕ್ಷೆಯನ್ನು ಕೈಗೆತ್ತಿಕೊಳ್ಳಿ. ಪೂರ್ತಿ ಬೇಡ; ಮೊದಲ ಸಲಕ್ಕೆ ಕೃಷಿಯ ಅಧ್ಯಾಯ ಮತ್ತು ಕೈಗಾರಿಕೆಯ ಅಧ್ಯಾಯ, ಅದರಲ್ಲೂ ಶಿವಮೊಗ್ಗ ಜಿಲ್ಲೆಯ ಹೆಸರಿರುವ ಕೋಷ್ಟಕಗಳು.